ಬೊಮ್ಮಣ್ಣನ ನಡೆ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾಲ್ಕು ದಿನ ಯುದ್ಧ ನಡೆಯಿತು. ಆ ನಾಲ್ಕು ದಿನವೂ ನಾವು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಊಟಮಾಡಿದೆವು. ಮೇಜಿನ ಮೇಲೆ ಚೌಕಗಳ ಗೆರೆ ಎಳೆದ ದೊಡ್ಡದೊಂದು ಹಾಳೆ. ಹಾಳೆಯ ಮೇಲೆ ಅಲ್ಲಲ್ಲಿ ಕವಡೆ, ಹುಣಸೆಬೀಜ. ಅವೇ ವೀರರು, ಅವೇ ರಾಕ್ಷಸರು. ನಡುವೆ ಒಂದು ಅಡಕೆಯೂ ಇತ್ತು. ಯಾರೋ ಮರೆತು ಬಿಟ್ಟಿರಬೇಕೆಂದು ನಾನು ಅದನ್ನು ಎತ್ತಿಕೊಂಡೆ. ಮೂರು ಗಂಟಲುಗಳು ಒಟ್ಟಿಗೆ ಕೂಗಿದವು. ಅದು ಜೇಡರ ರಾಣಿಯಂತೆ! ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ ಸಂಪಾದಿಸಿದ್ದ ಗಾಂಭೀರ್ಯವನ್ನು ಬದಿಗಿಟ್ಟು, ರಾಣಿಯನ್ನು ಅವಳ ಸ್ಥಾನದಲ್ಲಿ ಮತ್ತೆ ಕೂರಿಸಿ, ಕ್ಷಮೆ ಕೇಳಿ ಹಿಂದೆ ಸರಿದೆ.

ಈ ಯುದ್ಧವನ್ನು ನಮ್ಮ ಮನೆಗೆ ತಂದವನು ಹೊಸದುರ್ಗದ ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ. ರಜೆಗೆ ಚಿತ್ರದುರ್ಗಕ್ಕೆ ಬರುವಾಗ ಚೀಲದಲ್ಲಿ ಬಟ್ಟೆಗಿಂತ ಪುಸ್ತಕಗಳೇ ಹೆಚ್ಚಾಗಿದ್ದವು. ಅಳಿಯನಿಗೆ ಓದಿನ ರುಚಿ ಹತ್ತಿತೆಂದು ನಾನು ಸಂತೋಷಪಟ್ಟೆ. ತೆರೆದು ನೋಡಿದರೆ ಎಲ್ಲವೂ ಒಂದು ಆಟದ ನಿಯಮಗಳು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಅದರ ಹೆಸರು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ 1974ರಲ್ಲಿ ಹೊರತಂದದ್ದು. ಒಬ್ಬ ಕಥೆ ನಡೆಸುತ್ತಾನೆ. ನಮ್ಮ ದೊಡ್ಡಾಟದಲ್ಲಿ ಭಾಗವತರಿದ್ದ ಹಾಗೆ. ಮಿಕ್ಕವರು ಒಂದೊಂದು ಪಾತ್ರ ವಹಿಸಿ, ‘ನಾನು ಹೀಗೆ ಮಾಡುತ್ತೇನೆ’ ಎಂದು ಬಾಯಲ್ಲಿ ಹೇಳುತ್ತಾರೆ. ಹೇಳಿದ್ದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಕೊನೆಗೆ ಗೆದ್ದವರು ಯಾರೆಂದು ಕೇಳಿದೆ. ‘ಗೆಲ್ಲೋದು ಅಂತ ಏನಿಲ್ಲ ಮಾವ, ಕಥೆ ಮುಂದುವರಿಯುತ್ತೆ’ ಎಂದ. ಅಮೆರಿಕದವರೂ ಪುರಾಣಕ್ಕೆ ಬಂದರಲ್ಲಾ ಎಂದುಕೊಂಡೆ.

ಅಳಿಯನೇ ಭಾಗವತ. ಆಡುವವರು ಒಂಬತ್ತನೆಯ ತರಗತಿಯ ನನ್ನ ಮಗಳು, ಹಿರಿಯೂರಿನಿಂದ ಬಂದಿದ್ದ ಅಣ್ಣನ ಮಗ, ಪಕ್ಕದ ಮನೆಯ ಹುಡುಗ. ಮಗಳು ಮಂತ್ರವಾದಿನಿ, ಅಣ್ಣನ ಮಗ ಬಿಲ್ಲುಗಾರ, ಪಕ್ಕದ ಮನೆಯವನು ಕಳ್ಳ. ನನಗೂ ಒಂದು ಕೆಲಸ ಸಿಕ್ಕಿತು. ಮಂತ್ರಗಳ ಹೆಸರು ಇಂಗ್ಲಿಷಿನಲ್ಲಿದ್ದರೆ ಮಂತ್ರವೆನ್ನಿಸುವುದಿಲ್ಲ, ಕನ್ನಡದಲ್ಲಿ ಹೇಳಿಕೊಡಿ ಎಂದು ಮಗಳು ಕೇಳಿದಳು. ಕನ್ನಡ ಅಧ್ಯಾಪಕನಾದವನಿಗೆ ಇಂಥ ಆಹ್ವಾನ ದಿನಾ ಬರುವುದಿಲ್ಲ. ನಾನು ಕುರ್ಚಿ ಎಳೆದುಕೊಂಡು ಕುಳಿತೆ.

ಕುಳಿತ ಮೇಲೆ ಗೊತ್ತಾಯಿತು, ಈ ಆಟದ ಯುದ್ಧದಲ್ಲಿ ಹೊಡೆತಕ್ಕಿಂತ ಹೆಜ್ಜೆಗೇ ಬೆಲೆ ಹೆಚ್ಚು. ಹಾಳೆಯ ಮೇಲಿನ ಒಂದು ಚೌಕವೆಂದರೆ ಐದಡಿ. ಒಬ್ಬೊಬ್ಬರಿಗೂ ಸರದಿ ಬರುತ್ತದೆ; ಒಂದು ಸುತ್ತೆಂದರೆ ಆರು ಸೆಕೆಂಡು. ಸಾಮಾನ್ಯ ಮನುಷ್ಯ ತನ್ನ ಸರದಿಯಲ್ಲಿ ಮೂವತ್ತಡಿ, ಎಂದರೆ ಆರು ಚೌಕ, ನಡೆಯಬಹುದು. ಈ ಮೂವತ್ತಡಿಯನ್ನು ಹಿಗ್ಗಿಸುವ, ಕುಗ್ಗಿಸುವ, ಇಲ್ಲವೆನ್ನಿಸುವ ಮಂತ್ರಗಳೇ ಹತ್ತಾರು. ಒಂದು ಮಂತ್ರ ಹತ್ತಡಿ ಕೂಡಿಸುತ್ತದೆ. ಅದಕ್ಕೆ ‘ದೀರ್ಘಪಾದ’ವೆಂದು ಹೆಸರಿಟ್ಟೆ. ಇನ್ನೊಂದು ನಡಿಗೆಯನ್ನು ಇಮ್ಮಡಿ ಮಾಡುತ್ತದೆ, ಅದು ‘ತ್ವರಿತ’. ಅರ್ಧಕ್ಕಿಳಿಸುವುದು ‘ಮಂದಗತಿ’. ನಿಂತಲ್ಲೇ ಮರಗಟ್ಟಿಸುವುದಕ್ಕೆ ಹೆಸರು ಹುಡುಕಬೇಕಾಗಲಿಲ್ಲ. ‘ಸ್ತಂಭನ’ ನಮ್ಮಲ್ಲಿ ಮೊದಲೇ ಇತ್ತು. ರನ್ನನ ಗದಾಯುದ್ಧವನ್ನು ವರ್ಷವರ್ಷವೂ ಪಾಠ ಹೇಳುವ ನನಗೆ, ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕುಳಿತ ದುರ್ಯೋಧನ ನೆನಪಾದ. ಆ ಮಂತ್ರವನ್ನು ಬೇರೊಂದು ಮಂತ್ರ ಮುರಿಯಲಿಲ್ಲ. ದಡದ ಮೇಲೆ ನಿಂತ ಭೀಮನ ಮೂದಲಿಕೆ ಮುರಿಯಿತು. ಇದನ್ನು ಹೇಳಿದಾಗ ಅಳಿಯ ತನ್ನ ಪುಸ್ತಕದಲ್ಲಿ ಗುರುತು ಮಾಡಿಕೊಂಡ.

ಮೊದಲನೆಯ ಸಂಜೆಯೇ ಜಗಳವಾಯಿತು. ಬಿಲ್ಲುಗಾರನಿಗೆ ದೀರ್ಘಪಾದವೂ ತ್ವರಿತವೂ ಎರಡೂ ತಗುಲಿದವು. ಈಗ ಅವನು ಎಷ್ಟು ಓಡಬಹುದು? ಮೂವತ್ತಕ್ಕೆ ಹತ್ತು ಸೇರಿಸಿ ಇಮ್ಮಡಿಸಿದರೆ ಎಂಬತ್ತು. ಮೂವತ್ತನ್ನು ಇಮ್ಮಡಿಸಿ ಆಮೇಲೆ ಹತ್ತು ಸೇರಿಸಿದರೆ ಎಪ್ಪತ್ತು. ಹತ್ತಡಿಗಾಗಿ, ಅಂದರೆ ಹಾಳೆಯ ಮೇಲಿನ ಎರಡು ಅಂಗುಲಕ್ಕಾಗಿ, ಅರ್ಧ ಗಂಟೆ ವಾದವಾಯಿತು. ನನಗಂತೂ ತವರುಮನೆಗೆ ಬಂದಂತಾಯಿತು. ಎರಡು ಸೂತ್ರಗಳು ಒಂದೇ ಸ್ಥಳದಲ್ಲಿ ಬಂದು ನಿಂತಾಗ ಯಾವುದಕ್ಕೆ ದಾರಿ ಬಿಡಬೇಕೆಂಬ ಪ್ರಶ್ನೆ ವ್ಯಾಕರಣದವರಿಗೆ ಹೊಸದೇ? ಸಮಬಲದ ಎರಡು ಸೂತ್ರ ಇದಿರಾದರೆ ‘ಪರ’ವಾದದ್ದು ಗೆಲ್ಲುತ್ತದೆಂದು ಪಾಣಿನಿ ಹೇಳಿಟ್ಟಿದ್ದಾನೆ. ಪರವೆಂದರೆ ಗ್ರಂಥದಲ್ಲಿ ಮುಂದೆ ಬರುವ ಸೂತ್ರವೆಂದು ಎರಡು ಸಾವಿರ ವರ್ಷ ಎಲ್ಲರೂ ಅರ್ಥಮಾಡಿದ್ದರು. ಹಾಗಲ್ಲ, ಪದದ ಬಲಗಡೆಯ ಭಾಗಕ್ಕೆ ಹತ್ತುವ ಸೂತ್ರವೆಂದು ಅರ್ಥ ಎಂದು ಋಷಿ ರಾಜಪೋಪಟ್ ಎಂಬ ತರುಣ ವಿದ್ವಾಂಸರು ಕೇಂಬ್ರಿಡ್ಜಿನಲ್ಲಿ ವಾದಿಸಿ, 2022ರಲ್ಲಿ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದರು. ಇನ್ನೊಂದು ಹಳೆಯ ಮಾತೂ ಉಂಟು: ಸಾಮಾನ್ಯ ಸೂತ್ರಕ್ಕಿಂತ ಅಪವಾದ ಬಲಶಾಲಿ. ಈ ಕೊನೆಯದನ್ನು ಕೇಳಿ ಅಳಿಯ ಕುಣಿದುಬಿಟ್ಟ. ಅವನ ಪುಸ್ತಕದ ಆರಂಭದಲ್ಲಿಯೇ ಅದೇ ತತ್ತ್ವವಿತ್ತು: ಸಾಮಾನ್ಯ ನಿಯಮಕ್ಕೂ ವಿಶೇಷ ನಿಯಮಕ್ಕೂ ತಾಕಲಾಟವಾದರೆ ವಿಶೇಷದ್ದೇ ಗೆಲುವು. ಆದರೆ ಇಷ್ಟೆಲ್ಲ ಪಾಂಡಿತ್ಯದಿಂದ ಎಪ್ಪತ್ತೋ ಎಂಬತ್ತೋ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ತೀರ್ಮಾನವಾದ ಸಂಗತಿಗಳೂ ಇದ್ದವು. ತ್ವರಿತವೂ ಮಂದಗತಿಯೂ ಒಬ್ಬನಿಗೇ ಹತ್ತಿದರೆ ಇಮ್ಮಡಿಯೂ ಅರ್ಧವೂ ಸೇರಿ ಮೊದಲಿದ್ದಷ್ಟೇ ಆಗುತ್ತದೆ. ಬಲೆಯಲ್ಲಿ ಸಿಕ್ಕವನ ನಡಿಗೆ ಸೊನ್ನೆ. ಸೊನ್ನೆಯನ್ನು ಇಮ್ಮಡಿಸಿದರೂ ಸೊನ್ನೆ, ಅದಕ್ಕೆ ಹತ್ತು ಕೂಡಿಸುವುದಕ್ಕೂ ನಿಯಮ ಬಿಡುವುದಿಲ್ಲ. ಆದರೆ ಹಾಗೆ ಸಿಕ್ಕವನು ಬಾಯಲ್ಲಿ ಒಂದು ಮಾತು ಹೇಳಿ ಮಂಜಿನಂತೆ ಮಾಯವಾಗಿ ಮೂವತ್ತಡಿ ಆಚೆ ಕಾಣಿಸಿಕೊಳ್ಳುವ ‘ಮಂಜುಹೆಜ್ಜೆ’ಯೆಂಬ ಮಂತ್ರವೊಂದಿದೆ. ಅದು ನಡಿಗೆಯಲ್ಲವಾದ್ದರಿಂದ ಸೊನ್ನೆ ಅದಕ್ಕೆ ಅಡ್ಡಬರುವುದಿಲ್ಲ. ಸ್ತಂಭನವಾದವನಿಗೆ ಆ ಉಪಾಯವೂ ಇಲ್ಲ, ಅವನಿಗೆ ಬಾಯೇ ಏಳುವುದಿಲ್ಲ. ಇನ್ನು ‘ಗುಡುಗಲೆ’ಯೆಂದು ಒಂದಿದೆ. ಅದು ಹತ್ತಿರ ನಿಂತವನನ್ನು ಹತ್ತಡಿ ಆಚೆಗೆ ತಳ್ಳುತ್ತದೆ. ಕಾಲು ಕಟ್ಟಿದ್ದರೂ ತಳ್ಳುತ್ತದೆ. ಮೈಗೆ ಏಟೂ ಬೀಳುತ್ತದೆ.

ನನ್ನ ಗಮನ ಸೆಳೆದದ್ದು ಇದರಲ್ಲಿನ ಒಂದು ಸೂಕ್ಷ್ಮ. ತಾನಾಗಿ ಹೆಜ್ಜೆಯಿಟ್ಟು ಶತ್ರುವಿನ ಕೈಯಳತೆಯಿಂದ ಹೊರಗೆ ಹೋಗುವವನಿಗೆ ಬೆನ್ನಮೇಲೆ ಒಂದು ಏಟು ಬೀಳಬಹುದು. ತಳ್ಳಿಸಿಕೊಂಡು ಹೋದವನಿಗೆ ಬೀಳುವುದಿಲ್ಲ. ಏಕೆಂದರೆ ಅವನು ನಡೆಯಲಿಲ್ಲ. ನಡೆಯುವುದು ಬೇರೆ, ನಡೆಸಿಕೊಳ್ಳುವುದು ಬೇರೆ. ‘ನಡೆ’ ಎಂಬ ಧಾತುವಿಗೆ ‘ಇಸು’ ಸೇರಿದರೆ ‘ನಡೆಸು’. ತರಗತಿಯಲ್ಲಿ ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆಗೆಲ್ಲ ಅದು ನನಗೆ ಬರಿಯ ಪ್ರತ್ಯಯವಾಗಿತ್ತು.

ಆ ಸಂಜೆಯ ಕೊನೆಯ ವಾದ, ಒಂದು ಬಂಧನದ ಮೇಲೆ ಇನ್ನೊಂದು ಬಂಧನ ಬಿದ್ದರೆ ಏನಾಗುತ್ತದೆಂಬುದು. ಮಂತ್ರದ ಬಲೆಯಲ್ಲಿ ಸಿಕ್ಕಿದ ರಾಕ್ಷಸನನ್ನು ಕಳ್ಳ ಹಗ್ಗದಿಂದಲೂ ಕಟ್ಟಲು ಹೊರಟಿದ್ದ. ಆಗ ಪಕ್ಕದ ಕೋಣೆಯಿಂದ ಒಂದು ಧ್ವನಿ ಬಂತು.

‘ಹಗ್ಗ ಕಟ್ಟಬೇಡ್ರೋ! ಕಟ್ಟಿದ್ರೆ ಬ್ರಹ್ಮಾಸ್ತ್ರ ಬಿಟ್ಟುಹೋಗುತ್ತೆ.’

ಅಪ್ಪ. ಅವರು ಎಚ್ಚರವಾಗಿದ್ದಾರೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮಕ್ಕಳೆಲ್ಲ ಕೋಣೆಯೊಳಕ್ಕೆ ನುಗ್ಗಿದರು. ಅಪ್ಪ ಮಂಚದ ಮೇಲೆ ದಿಂಬಿಗೊರಗಿ ಕುಳಿತು ಸುಂದರಕಾಂಡದ ಕಥೆ ಹೇಳಿದರು. ಇಂದ್ರಜಿತ್ತು ಬ್ರಹ್ಮಾಸ್ತ್ರದಿಂದ ಹನುಮಂತನನ್ನು ಕಟ್ಟಿ ಕೆಡವಿದ. ಬುದ್ಧಿಯಿಲ್ಲದ ರಾಕ್ಷಸರು ಓಡಿಬಂದು ನಾರಿನ ಹಗ್ಗಗಳಿಂದ ಮತ್ತೆ ಬಿಗಿದರು. ಬೇರೊಂದು ಕಟ್ಟು ಬಿದ್ದ ಕೂಡಲೇ ಆ ಅಸ್ತ್ರ ತನ್ನ ಹಿಡಿತ ಬಿಟ್ಟಿತು. ಇಂದ್ರಜಿತ್ತಿಗೆ ಇದು ತಿಳಿದು ಕೆಲಸ ಕೆಟ್ಟಿತೆಂದು ಕೊರಗಿದ. ಹನುಮಂತನಿಗೂ ಅಸ್ತ್ರ ಬಿಟ್ಟದ್ದು ತಿಳಿಯಿತು. ಆದರೂ ಕಟ್ಟಿಸಿಕೊಂಡವನಂತೆಯೇ ಹೋದ.

‘ಯಾಕೆ ತಾತ?’ ಎಂದಳು ಮಗಳು.

‘ರಾವಣನ್ನ ನೋಡ್ಬೇಕು ಅಂತ ಅವನಿಗೇ ಮನಸ್ಸಿತ್ತಮ್ಮ. ಎಳಕೊಂಡು ಹೋಗೋರ ಜತೆ ಅವನೇ ಹೋದ.’

‘ನಮ್ಮ ಆಟದಲ್ಲಿ ಎರಡು ಕಟ್ಟೂ ನಿಲ್ಲುತ್ತವೆ ತಾತ. ಬಿಡಿಸಿಕೊಳ್ಳೋದಾದರೆ ಎರಡನ್ನೂ ಬಿಡಿಸಿಕೊಳ್ಳಬೇಕು’ ಎಂದ ಅಳಿಯ.

‘ಹಾಗಾದರೆ ನಿಮ್ಮ ಆಟ ವಾಲ್ಮೀಕಿಗಿಂತ ಕಷ್ಟದ್ದು’ ಎಂದರು ಅಪ್ಪ.

ಇಲ್ಲಿ ನಮ್ಮ ಮನೆಯ ವಿಚಾರ ಸ್ವಲ್ಪ ಹೇಳಬೇಕು. ಅಪ್ಪನಿಗೆ ಎಂಬತ್ತನಾಲ್ಕು. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಅಮ್ಮ ಹೋದ ಮೇಲೂ ಹೊಳಲ್ಕೆರೆಯ ಮನೆಯಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಎದ್ದು, ಬಯಲಲ್ಲಿ ಕುಳಿತ ಆ ದೊಡ್ಡ ಗಣಪತಿಯವರೆಗೆ ನಡೆದು, ಒಂದು ಸುತ್ತು ಬಂದು, ಪತ್ರಿಕೆ ಕೊಂಡು ಮನೆಗೆ ಬರುವುದು ಅವರ ನಿತ್ಯವಿಧಿ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಈಗ ವಾಕರ್ ಹಿಡಿದು ಕೋಣೆಯಿಂದ ಬಚ್ಚಲಿಗೆ ಹೋಗಿ ಬರುತ್ತಾರೆ. ಅಷ್ಟೇ ಅವರ ಮೂವತ್ತಡಿ.

ಬಿದ್ದ ಮೇಲೆ ನಾವು ಮೂವರು ಮಕ್ಕಳೂ ಅಣ್ಣನ ಮನೆಯಲ್ಲಿ ಸೇರಿ ಯೋಚಿಸಿದೆವು. ಹಿರಿಯೂರಿನಲ್ಲಿ ಅಣ್ಣ, ಹೊಸದುರ್ಗದಲ್ಲಿ ಅಕ್ಕ, ಚಿತ್ರದುರ್ಗದಲ್ಲಿ ನಾನು. ಒಬ್ಬರ ಮೇಲೆಯೇ ಭಾರ ಬೀಳಬಾರದೆಂದು ಮೂರು ಮೂರು ತಿಂಗಳ ಸರದಿ ಗೊತ್ತುಮಾಡಿದೆವು. ಜಗಳವಿಲ್ಲದೆ ತೀರ್ಮಾನವಾಯಿತೆಂದು ನಮಗೆಲ್ಲ ಹೆಮ್ಮೆ. ನನ್ನ ಅಕ್ಷರ ದುಂಡಾಗಿದೆಯೆಂದು ಸರದಿಯ ಪಟ್ಟಿಯನ್ನು ನನ್ನಿಂದಲೇ ಬರೆಸಿದರು. ಮೂರು ಪ್ರತಿ ಮಾಡಿದೆ, ಒಂದೊಂದು ಮನೆಗೆ ಒಂದೊಂದು. ಅಪ್ಪ ಆಗ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ನಾಲ್ಕನೆಯ ಪ್ರತಿಯೊಂದು ಬೇಕಾಗುತ್ತದೆಂದು ಯಾರಿಗೂ ತೋಚಲಿಲ್ಲ.

ಅಂದಿನಿಂದ ಅವರು ಚೌಕಾಬಾರದ ಕಾಯಿಯಂತೆ ಮನೆಯಿಂದ ಮನೆಗೆ ಸುತ್ತುತ್ತಿದ್ದಾರೆ. ಗೊತ್ತಾದ ದಿನ ಕಾರು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅಂಗಿ ತೊಡಿಸುತ್ತೇವೆ, ಔಷಧದ ಡಬ್ಬಿ ಕೈಗೆ ಕೊಡುತ್ತೇವೆ, ಎತ್ತಿ ಕೂರಿಸುತ್ತೇವೆ. ಎಲ್ಲ ಮನೆಯಲ್ಲೂ ಅವರನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದರಲ್ಲಿ ಸುಳ್ಳಿಲ್ಲ.

ಎರಡನೆಯ ದಿನ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಕೋಟೆ ಹತ್ತಿದೆ. ಊರಿನವನಾದ ನಾನು ಕೋಟೆಗೆ ಹೋಗುವುದು ನೆಂಟರು ಬಂದಾಗ ಮಾತ್ರ. ಆದರೆ ಅಂದು ಈ ಕೋಟೆಯನ್ನು ಬೇರೆ ಕಣ್ಣಿನಿಂದ ನೋಡಿದೆ. ಏಳು ಸುತ್ತಿನ ಕೋಟೆಯೆಂದು ಹಾಡಿ ಹೊಗಳುತ್ತೇವೆ; ಆ ಸುತ್ತುಗಳ ಕೆಲಸ ಶತ್ರುವಿನ ನಡಿಗೆಯನ್ನು ತಿನ್ನುವುದು. ಬಾಗಿಲು ದಾಟಿದ ಕೂಡಲೇ ದಾರಿ ತಿರುಗುತ್ತದೆ. ಆನೆಯಿರಲಿ, ಕುದುರೆಯಿರಲಿ, ಓಟದ ಭರ ಅಲ್ಲಿ ಮುರಿಯುತ್ತದೆ. ಒಂದು ಬಂಡೆ, ಒಂದು ಏರು, ಮತ್ತೆ ಒಂದು ತಿರುವು. ‘ಇದೆಲ್ಲ ಕಷ್ಟದ ನೆಲ ಮಾವ. ಒಂದಡಿ ನಡೆಯೋಕೆ ಎರಡಡಿಯ ಲೆಕ್ಕ’ ಎಂದ ಅಳಿಯ.

ಓಬವ್ವನ ಕಿಂಡಿಯ ಹತ್ತಿರ ಅವನು ಬಗ್ಗಿ ತೂರಿ ನೋಡಿದ. ಒನಕೆ ಓಬವ್ವನ ಕಥೆ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆಂದು ಬಂದವಳು, ಕಿಂಡಿಯಲ್ಲಿ ತೂರಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಬಡಿದು ಉರುಳಿಸಿದಳು. ಅಳಿಯನ ಪುಸ್ತಕದಲ್ಲಿ ಇದಕ್ಕೂ ನಿಯಮವುಂಟು. ತನ್ನ ಗಾತ್ರಕ್ಕೆ ಸಾಲದ ಜಾಗದಲ್ಲಿ ತೂರುವವನ ನಡಿಗೆ ಅರ್ಧವಾಗುತ್ತದೆ. ಅವನು ಹೊಡೆದರೆ ಗುರಿ ತಪ್ಪುವ ಸಂಭವ ಹೆಚ್ಚು, ಅವನನ್ನು ಹೊಡೆಯುವವರಿಗೆ ಅನುಕೂಲ ಹೆಚ್ಚು. ಸಾವಿರ ಜನದ ಸೈನ್ಯವನ್ನು ಒಂದು ಕಲ್ಲಿನ ಸಂದಿ ಒಬ್ಬನನ್ನಾಗಿ ಮಾಡಿತು. ಆ ಒಬ್ಬನಿಗೆ ಒಬ್ಬ ಹೆಂಗಸು ಸಾಕಾದಳು. 1779ರಲ್ಲಿ ಕೋಟೆ ಹೈದರನ ವಶವಾಯಿತೆಂಬುದು ಚರಿತ್ರೆ. ಆದರೂ ಊರಿನವರು ಇಂದಿಗೂ ಹೇಳಿಕೊಳ್ಳುವುದು ಕಿಂಡಿಯ ಕಥೆಯನ್ನೇ.

ಮನೆಗೆ ಬಂದಾಗ ಅಪ್ಪ ಕೇಳಿದರು: ‘ಕಿಂಡಿಯಲ್ಲಿ ಯಾರು ಸಿಕ್ಕಿಕೊಂಡರು?’

ಮೇಷ್ಟರಾಗಿದ್ದಾಗ ಅವರು ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕೋಟೆಗೆ ಕರೆತರುತ್ತಿದ್ದರು. ಪ್ರತಿ ವರ್ಷವೂ ಒಬ್ಬ ದಪ್ಪ ಹುಡುಗ ಸಿಕ್ಕಿಕೊಳ್ಳುತ್ತಿದ್ದನಂತೆ. ಆ ಹುಡುಗರ ಕಥೆಗಳನ್ನೆಲ್ಲ ಹೇಳಿದರು. ಮಕ್ಕಳು ಕೋಟೆಯಲ್ಲಿ ನಕ್ಕದ್ದಕ್ಕಿಂತ ಹೆಚ್ಚಾಗಿ ಕೋಣೆಯಲ್ಲಿ ನಕ್ಕರು. ನಗು ನಿಂತ ಮೇಲೆ ಅಪ್ಪ ಸಂಕೋಚದಿಂದ, ‘ನಿಮ್ಮ ಆಟಕ್ಕೆ ಇನ್ನೊಬ್ಬನ್ನ ಸೇರಿಸಿಕೊಳ್ತೀರೇನ್ರೋ?’ ಎಂದರು.

ಮೇಜನ್ನು ಅವರ ಮಂಚದ ಪಕ್ಕಕ್ಕೆ ಸಾಗಿಸಿದೆವು. ಅವರಿಗೊಂದು ಪಾತ್ರ ಬೇಕಾಯಿತು. ಕುಳ್ಳ, ಗಡ್ಡದವನು, ಕೈಯಲ್ಲಿ ಕೊಡಲಿ. ನಡಿಗೆ ಇಪ್ಪತ್ತೈದೇ ಅಡಿ, ಆದರೆ ಏಟು ತಿಂದು ನಿಲ್ಲುವುದರಲ್ಲಿ ಗಟ್ಟಿ. ಅಪ್ಪ ಅವನಿಗೆ ಬೊಮ್ಮಣ್ಣನೆಂದು ಹೆಸರಿಟ್ಟರು. ಕಾಯಿಗೆ ಕವಡೆ ಕೊಡಹೋದರೆ ಬೇಡವೆಂದು, ತಮ್ಮ ಹಳೆಯ ಕೋಟಿನ ಸಡಿಲವಾಗಿದ್ದ ಗುಂಡಿಯನ್ನು ಕಿತ್ತು ಹಾಳೆಯ ಮೇಲಿಟ್ಟರು. ಬೊಮ್ಮಣ್ಣ ಅಂದು ಮೂರು ರಾಕ್ಷಸರನ್ನು ಕೊಂದ. ಅಪ್ಪ ರಾತ್ರಿ ಎರಡು ಮುದ್ದೆ ಉಂಡರು.

ಮೂರನೆಯ ಸಂಜೆ ಜೇಡರ ರಾಣಿ ಬಲೆ ಬೀಸಿದಳು. ಬೊಮ್ಮಣ್ಣ ಸಿಕ್ಕಿಬಿದ್ದ. ನಡಿಗೆ ಸೊನ್ನೆ. ಬಿಡಿಸಿಕೊಳ್ಳಬೇಕಾದರೆ ತನ್ನ ಸರದಿಯಲ್ಲಿ ಬೇರೇನನ್ನೂ ಮಾಡದೆ ತೋಳ್ಬಲವನ್ನು ಪರೀಕ್ಷಿಸಬೇಕು. ದಾಳದಲ್ಲಿ ಹತ್ತೋ ಅದಕ್ಕೆ ಮೇಲೋ ಬೀಳಬೇಕು. ಅಪ್ಪ ದಾಳ ಹಾಕಿದರು. ನಾಲ್ಕು ಬಿತ್ತು.

ಮಕ್ಕಳು ತಲೆಗೆ ತಲೆ ಸೇರಿಸಿ ಸಮಾಲೋಚನೆ ನಡೆಸಿದರು. ತ್ವರಿತ ಮಂತ್ರ? ಸೊನ್ನೆಗೆ ಅದು ದಂಡ. ಮಂಜುಹೆಜ್ಜೆ? ಅದು ಹೇಳಿದವರನ್ನು ಮಾತ್ರ ಒಯ್ಯುತ್ತದೆ, ಬೊಮ್ಮಣ್ಣನಿಗೆ ಬರುವುದಿಲ್ಲ. ಕೊನೆಗೆ ಮಗಳಿಗೆ ಹೊಳೆಯಿತು: ಗುಡುಗಲೆಯಿಂದ ತಳ್ಳಿಬಿಟ್ಟರೆ? ಹತ್ತಡಿ ಹೋದರೆ ಬಲೆಯ ಹೊರಗೆ ಬೀಳುತ್ತಾನೆ. ಏಟು ಬೀಳುತ್ತದೆ, ತಡೆದುಕೊಳ್ಳುತ್ತಾನೆ. ತಳ್ಳುವುದೆಂದು ಎಲ್ಲರೂ ಒಪ್ಪಿದರು. ಮಗಳು ಗುಂಡಿಯ ಮೇಲೆ ಬೆರಳಿಟ್ಟಳು.

‘ನನ್ನನ್ನ ಯಾರಾದರೂ ಕೇಳಿದಿರಾ?’ ಎಂದರು ಅಪ್ಪ.

ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಮಗಳು ಬೆರಳನ್ನು ಹಾಗೆಯೇ ಇಟ್ಟುಕೊಂಡು, ‘ತಳ್ಳೋ ಮಂತ್ರಕ್ಕೆ ಕೇಳಬೇಕಾಗಿಲ್ಲ ತಾತ’ ಎಂದಳು.

‘ಕೇಳಬೇಕಾದ ಮಂತ್ರ ಯಾವುದಾದರೂ ಇದೆಯೇನೋ?’ ಎಂದು ಅಳಿಯನನ್ನು ಕೇಳಿದರು.

ಅಳಿಯ ಪುಟ ತಿರುವಿ ಓದಿ ಹೇಳಿದ. ತ್ವರಿತವನ್ನು ಒಪ್ಪಿದವನ ಮೇಲೆ ಮಾತ್ರ ಹಾಕಬಹುದು. ಬಲೆಯಾಗಲಿ ಸ್ತಂಭನವಾಗಲಿ ತಟ್ಟದಂತೆ ಕಾಯುವ ಮಂತ್ರವೊಂದಿದೆ, ಅದೂ ಒಪ್ಪಿದವನಿಗೇ. ಐನೂರಡಿ ದೂರಕ್ಕೆ ಒಂದೇ ಕ್ಷಣದಲ್ಲಿ ಹೋಗುವಾಗ ಜೊತೆಗೊಬ್ಬನನ್ನು ಕರೆದೊಯ್ಯಬಹುದು, ಅವನೂ ಒಪ್ಪಿರಬೇಕು. ‘ಬಹುಮಟ್ಟಿಗೆ ಹೀಗೆ ತಾತ. ಉಪಕಾರ ಮಾಡೋ ಮಂತ್ರಕ್ಕೆ ಒಪ್ಪಿಗೆ ಬೇಕು. ಶತ್ರುಗಳ ಮೇಲೆ ಹಾಕೋದಕ್ಕೆ ಬೇಡ.’

ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ವಿಜಯದಶಮಿಯ ಮರುದಿನ ನನ್ನ ಮೂರು ತಿಂಗಳು ಮುಗಿಯುತ್ತಿತ್ತು. ಹಿರಿಯೂರಿನಿಂದ ಕಾರು ಬರುವುದೆಂದು ಅಣ್ಣನೂ ನಾನೂ ಫೋನಿನಲ್ಲಿ ಮಾತಾಡಿ ಆಗಿತ್ತು. ಅಪ್ಪನಿಗೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡಿದ್ದೆ. ಎಂದಿನಂತೆ.

‘ತಾತ, ತಳ್ಳಲಾ?’ ಎಂದು ಮಗಳು ಕೇಳಿದಳು.

‘ಇನ್ನೆರಡು ಸಲ ನಾನೇ ನೋಡ್ತೀನಿ ಇರಮ್ಮ.’

ಕಾದರು. ಕಾಯುವುದಕ್ಕೆ ಬೆಲೆ ತೆರಬೇಕಾಯಿತು. ಅಪ್ಪನ ದಾಳದಲ್ಲಿ ಎರಡು ಬಿತ್ತು. ಅಷ್ಟರಲ್ಲಿ ರಾಣಿ ಬಿಲ್ಲುಗಾರನನ್ನು ಕಚ್ಚಿ ಅರೆಜೀವ ಮಾಡಿದಳು. ಅಲ್ಲಿಗೆ ಊಟದ ಹೊತ್ತಾಗಿ ಆಟ ನಿಂತಿತು. ಬಿಲ್ಲುಗಾರ ಮುಖ ಊದಿಸಿಕೊಂಡೇ ಉಂಡ. ಅವನ ಸಿಟ್ಟೂ ನ್ಯಾಯವಾದದ್ದೇ.

ರಾತ್ರಿ ಅಪ್ಪನ ಕಾಲಿಗೆ ಎಣ್ಣೆ ಹಚ್ಚುತ್ತಾ ಕೇಳಿದೆ: ‘ಅಪ್ಪ, ಮೂರು ದಿನದಲ್ಲಿ ಹಿರಿಯೂರಿಗೆ ಹೋಗೋ ಸರದಿ. ನಿಮಗೆ ಮನಸ್ಸಿದೆಯೇ?’

ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, ‘ಎರಡು ವರ್ಷದಲ್ಲಿ ಇದೇ ಮೊದಲು ನೀನು ಕೇಳ್ತಿರೋದು’ ಎಂದರು.

ನನ್ನ ಕೈ ನಿಂತಿತು.

‘ಹಿರಿಯೂರು ಬೇಡ ಅಂತ ಅಲ್ಲಪ್ಪ. ಹೊಳಲ್ಕೆರೆ ಮನೇಲಿ ಒಬ್ಬನೇ ಇರೋಕಾಗಲ್ಲ ಅಂತ ನನಗೂ ಗೊತ್ತು. ನನ್ನ ಕಾಲಿನ ಲೆಕ್ಕ ನನಗೆ ತಿಳಿಯಲ್ವೇ? ನೀವು ಮೂವರೂ ಚೆನ್ನಾಗೇ ನೋಡ್ಕೋತೀರಿ. ಆದರೆ ಕಾರು ಬಂದು ನಿಂತ ಮೇಲೆ ಅಂಗಿ ಹಾಕ್ಕೋ ಅಂತೀರಲ್ಲ, ಅದು... ಅದು ಬೇಡ.’

ನಾನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟೆ. ಕನ್ನಡ ಅಧ್ಯಾಪಕನ ಬಾಯಿಗೆ ಆಗ ಒಂದು ಮಾತೂ ಬರಲಿಲ್ಲ. ಅಪ್ಪನೇ, ‘ಮಲಕ್ಕೋ ಹೋಗು, ಹೊತ್ತಾಯ್ತು’ ಎಂದರು.

ನಾಲ್ಕನೆಯ ಸಂಜೆ ಬೊಮ್ಮಣ್ಣ ಮೂರನೆಯ ಸಲ ತೋಳೆತ್ತಿದ. ದಾಳದಲ್ಲಿ ಒಂಬತ್ತು. ಒಂದೇ ಒಂದು ಕಡಿಮೆ. ಪಕ್ಕದ ಮನೆಯ ಹುಡುಗ ‘ಅಯ್ಯೋ’ ಎಂದ. ಅಪ್ಪ ಹಾಳೆಯನ್ನೇ ನೋಡುತ್ತಿದ್ದರು. ಬಿಲ್ಲುಗಾರ ಇನ್ನೊಂದು ಕಡಿತಕ್ಕೆ ಉಳಿಯುವಂತಿರಲಿಲ್ಲ.

‘ಈಗ ತಳ್ಳಮ್ಮ’ ಎಂದರು ಅಪ್ಪ. ‘ನಾನೇ ಹೇಳ್ತಿದೀನಿ.’

ಒಪ್ಪಿ ತಳ್ಳಿಸಿಕೊಳ್ಳುವವನು ತಳ್ಳಿಕೆಯನ್ನು ತಡೆಯಲು ದಾಳ ಹಾಕಬೇಕೆ ಎಂದು ಮತ್ತೊಂದು ಚರ್ಚೆಯೆದ್ದಿತು. ಅಳಿಯ ಪುಸ್ತಕ ಮುಚ್ಚಿ, ಒಪ್ಪಿದವನು ಯಾಕೆ ತಡೀತಾನೆ, ಬೇಡ ಎಂದು ತೀರ್ಪು ಕೊಟ್ಟ. ಮಗಳು ಗುಂಡಿಯನ್ನು ಎರಡು ಚೌಕ ಜರುಗಿಸಿದಳು. ಗುಡುಗಿನ ಏಟು ಬಲವಾಗಿಯೇ ಬಿತ್ತು. ಬೊಮ್ಮಣ್ಣನಲ್ಲಿ ಮೂರು ಅಂಶ ಜೀವ ಉಳಿಯಿತು. ಮುಂದಿನ ಸರದಿಯಲ್ಲಿ ಅವನು ತನ್ನ ಇಪ್ಪತ್ತೈದಡಿಯನ್ನೂ ಪೂರ್ತಿ ನಡೆದು ರಾಣಿಯ ಎದುರಿಗೆ ನಿಂತ. ಅಪ್ಪ ಐದು ಚೌಕಗಳನ್ನೂ ಬೆರಳಿನಿಂದ ಒಂದೊಂದಾಗಿ ಎಣಿಸುತ್ತ ಗುಂಡಿಯನ್ನು ತಾವೇ ಸರಿಸಿದರು. ಯಾರೂ ಅವಸರಪಡಿಸಲಿಲ್ಲ. ಅಡಕೆಗೆ ಕೊನೆಯ ಏಟು ಹಾಕಿದವನು ಬಿಲ್ಲುಗಾರ. ಅವನ ಮುಖ ಸರಿಹೋಯಿತು.

ಮರುದಿನ ಅಪ್ಪ ನನ್ನನ್ನು ಕರೆದು ಹಿರಿಯೂರಿಗೆ ಹೋಗುವುದಾಗಿ ಹೇಳಿದರು. ‘ಆದರೆ ಹೊಳಲ್ಕೆರೆ ಮೇಲೆ ಹೋಗೋಣ’ ಎಂದರು.

ಭೂಗೋಳ ಬಲ್ಲ ಓದುಗರು ಇಲ್ಲಿ ನಗುತ್ತಾರೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರು. ಹೊಳಲ್ಕೆರೆ ಇರುವುದು ಇನ್ನೊಂದು ದಿಕ್ಕಿಗೆ. ‘ಅದು ದಾರಿಯಲ್ಲವಲ್ಲ ಅಪ್ಪ’ ಎಂದೆ. ‘ಚೌಕಾಬಾರದಲ್ಲಿ ಕಾಯಿ ನೇರವಾಗಿ ಹೋಗುತ್ತೇನೋ? ಸುತ್ತು ಹಾಕಿಕೊಂಡೇ ಹೋಗಬೇಕು’ ಎಂದರು. ಅಣ್ಣನಿಗೆ ಫೋನು ಮಾಡಿದೆ. ಪೆಟ್ರೋಲು, ಆಯಾಸ, ಅಪ್ಪನ ಸೊಂಟ ಎಂದು ಅವನು ಗೊಣಗಿದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ‘ಅಪ್ಪನೇ ಹೇಳ್ತಿದ್ದಾರೆ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದ.

ಹೊಳಲ್ಕೆರೆಯಲ್ಲಿ ಗಣಪತಿಯ ಎದುರಿಗೆ ಕಾರು ನಿಲ್ಲಿಸಿ, ಬಾಗಿಲು ತೆಗೆದು, ಕುಳಿತಲ್ಲಿಂದಲೇ ಅಪ್ಪ ಕೈಮುಗಿದರು. ನಮ್ಮ ಮನೆಯ ಬೀದಿಗೂ ಹೋದೆವು. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಬಾಗಿಲಲ್ಲಿ ಯಾರದೋ ಮಗುವಿನ ಮೂರು ಗಾಲಿಯ ಸೈಕಲ್ಲಿತ್ತು. ಇಳಿಯುತ್ತಾರೇನೋ ಎಂದು ನಾನು ಕಾದೆ. ಅಪ್ಪ ಎರಡು ನಿಮಿಷ ನೋಡಿ, ‘ಬಣ್ಣ ಚೆನ್ನಾಗಿ ಹೊಡೆಸಿದಾರೆ. ನಡಿ’ ಎಂದರು. ಹೊಸದುರ್ಗದಲ್ಲಿ ಅಕ್ಕನ ಮನೆಯಲ್ಲಿ ಊಟವಾಯಿತು. ಅಲ್ಲಿಂದ ಹಿರಿಯೂರಿನ ಕಡೆಗೆ ತಿರುಗಿದಾಗ ವಾಣಿವಿಲಾಸ ಸಾಗರದ ಮಾತು ಬಂತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಬಂದಂತೆ ಜನ ಬಂದಿದ್ದರು. ಅಪ್ಪನೂ ಒಬ್ಬರೇ ಬಸ್ಸು ಹಿಡಿದು ಹೋಗಿದ್ದರಂತೆ. ‘ನಮಗೆ ಹೇಳಲೇ ಇಲ್ಲವಲ್ಲ’ ಎಂದೆ. ‘ನೀವು ಬೇಡ ಅಂತಿದ್ರಿ’ ಎಂದರು.

ನಲವತ್ತು ಕಿಲೋಮೀಟರಿನ ದಾರಿ ನೂರನ್ನು ದಾಟಿ, ದೀಪ ಹಚ್ಚುವ ಹೊತ್ತಿಗೆ ಹಿರಿಯೂರು ಸೇರಿದೆವು. ಅಪ್ಪನಿಗೆ ಆಯಾಸವಾಗಿತ್ತು, ಅಣ್ಣ ಹೇಳಿದ್ದು ನಿಜವಾಯಿತು. ಕಾರಿನಿಂದ ಎತ್ತಿಕೊಳ್ಳುವುದಕ್ಕೆ ಅಣ್ಣ ಬಾಗಿದ. ಬಾಗಿದವನು, ನಾನೇನೂ ಹೇಳಿಕೊಡದಿದ್ದರೂ, ‘ಎತ್ತಲಾ ಅಪ್ಪ?’ ಎಂದ. ಅವನ ಮಗ ಹಿಂದಿನ ದಿನವೇ ಊರಿಗೆ ಬಂದು ಬಲೆಯ ಕಥೆಯನ್ನೆಲ್ಲ ಹೇಳಿರಬೇಕು.

ಸರದಿಯ ಪಟ್ಟಿ ಈಗಲೂ ಇದೆ. ನಾಲ್ಕನೆಯ ಪ್ರತಿಯೊಂದನ್ನು ಬರೆದು ಅಪ್ಪನಿಗೆ ಕೊಟ್ಟಿದ್ದೇನೆ. ಅವರು ಅದರಲ್ಲಿ ಪೆನ್ಸಿಲಿನಿಂದ ಎರಡು ಕಡೆ ತಿದ್ದಿ ಕಳಿಸಿದ್ದಾರೆ. ಮಾವಿನ ಕಾಲದಲ್ಲಿ ಹೊಸದುರ್ಗ ಬೇಕಂತೆ. ಹಾಗೇ ಆಗಲೆಂದು ಮೂವರೂ ಒಪ್ಪಿದ್ದೇವೆ.

ಎಪ್ಪತ್ತೋ ಎಂಬತ್ತೋ ಎಂಬ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮೊನ್ನೆ ಹಿರಿಯೂರಿನಿಂದ ಅಪ್ಪ ಫೋನು ಮಾಡಿದಾಗ ಅವರ ಅಭಿಪ್ರಾಯ ಕೇಳಿದೆ. ಪಾಣಿನಿಯ ಸೂತ್ರವನ್ನೂ ಕೇಂಬ್ರಿಡ್ಜಿನ ಹೊಸ ವಾದವನ್ನೂ ವಿವರಿಸಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಅವರು ಹೇಳಿದರು:

‘ಎಂಬತ್ತು ಅಂತಲೇ ಬರಕೋ. ಓಡೋ ಶಕ್ತಿ ಇರೋನಿಗೆ ಹತ್ತಡಿಗೆ ಯಾಕಯ್ಯ ಜಿಪುಣತನ?’